ನಂದಿಬೆಟ್ಟದಿಂದ ಬಂಗಾಳ ಕೊಲ್ಲಿಗೆ: ಪರಿಸರ ನೀತಿ ಮತ್ತು ಪ್ರಾದೇಶಿಕ ಸಹಕಾರ

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಕರಾವಳಿ ಇಲ್ಲ. ಆದರೂ ಇಲ್ಲಿನ ಹೊಳೆಗಳ ದಾರಿ ಬಂಗಾಳ ಕೊಲ್ಲಿಯತ್ತಲೇ.

• ದಕ್ಷಿಣ ಪಿನಾಕಿನಿ: ನಂದಿಬೆಟ್ಟದ ಸಾಲಿನಲ್ಲಿ ಉಗಮ, ಹೊಸಕೋಟೆ ದೊಡ್ಡ ಕೆರೆ ದಾಟಿ ತಮಿಳುನಾಡಿಗೆ, ಕಡಲೂರಿನ ಬಳಿ ಸಮುದ್ರಕ್ಕೆ.

• ಅರ್ಕಾವತಿ: ದೊಡ್ಡಬಳ್ಳಾಪುರದ ಕೆರೆಸಾಲಿನಲ್ಲಿ ಹರಿದು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ, ಅದರ ಮೂಲಕ ಬಂಗಾಳ ಕೊಲ್ಲಿಗೆ.

ಈ ನೀರನ್ನೂ ಅದು ಸೇರುವ ಕಡಲನ್ನೂ ಕಾಯಲು ಇರುವ ಕಾಯ್ದೆ, ನೀತಿ ಮತ್ತು ಸಹಕಾರ:

• ರಾಷ್ಟ್ರಮಟ್ಟ: ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ 1974, ಪರಿಸರ ಸಂರಕ್ಷಣಾ ಕಾಯ್ದೆ 1986, ರಾಷ್ಟ್ರೀಯ ಪರಿಸರ ನೀತಿ 2006.

• ಪ್ರಾದೇಶಿಕ ಮಟ್ಟ: ದಕ್ಷಿಣ ಏಷ್ಯಾ ಸಹಕಾರಿ ಪರಿಸರ ಕಾರ್ಯಕ್ರಮ (ಸಾಸೆಪ್), 1982, ಕೇಂದ್ರ ಕಚೇರಿ ಕೊಲಂಬೊ. ದಕ್ಷಿಣ ಏಷ್ಯಾ ಸಮುದ್ರಗಳ ಕ್ರಿಯಾ ಯೋಜನೆ, 1995: ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್.

ನೆನಪಿಡಿ: ಕಡಲಿನ ಮಾಲಿನ್ಯದ ಬಹುಪಾಲು ಭೂಮಿಯಿಂದಲೇ ಬರುತ್ತದೆ. ಕೊಳಚೆ, ಕಾರ್ಖಾನೆ ತ್ಯಾಜ್ಯಗಳನ್ನು ಶುದ್ಧೀಕರಿಸದೆ ರಾಜಕಾಲುವೆಗೆ ಬಿಡದಂತೆ ತಡೆಯುವುದು ಸಮುದ್ರ ರಕ್ಷಣೆಯ ಮೊದಲ ಹೆಜ್ಜೆ.