ತಿದ್ದಿದ್ದು ಉಳಿಯಬೇಕಾದರೆ

ನಮ್ಮ ಹುಡುಗಿಯೊಬ್ಬಳು ತಾನು ರಚಿಸಿದ ಜಾಲಪುಟದ ಬಣ್ಣಗಳನ್ನು ಬ್ರೌಸರಿನಲ್ಲಿಯೇ ಸಂಜೆಯೆಲ್ಲ ತಿದ್ದಿ, ಪುಟವನ್ನು ಮರಳಿ ತೆರೆದೊಡನೆ ಎಲ್ಲವೂ ಅಳಿದುದನ್ನು ಕಂಡು ಕಣ್ಣೀರಿಟ್ಟಳು. ಅಲ್ಲಿನ ತಿದ್ದುಪಡಿಯು ಸ್ಲೇಟಿನ ಮೇಲಣ ಬರಹ. ಮೂಲ ಕಡತವೇ ನೋಟುಪುಸ್ತಕ. ಇವೆರಡನ್ನು ಕೂಡಿಸುವ ಕ್ರಮವನ್ನು ನಾವು ಹೀಗೆ ಕಲಿಸುತ್ತೇವೆ.

ಕ್ರೋಮ್ ಬ್ರೌಸರಿನ ಡೆವ್‌ಟೂಲ್ಸ್‌ನಲ್ಲಿ, ಸೋರ್ಸಸ್ ವಿಭಾಗದ ವರ್ಕ್‌ಸ್ಪೇಸಿಗೆ ಆ ಪುಟದ ಕಡತಗಳಿರುವ ಫೋಲ್ಡರನ್ನು ಸೇರಿಸಿ ಅನುಮತಿ ಕೊಡತಕ್ಕದ್ದು. ಕಡತದ ಹೆಸರಿನ ಬಳಿ ಹಸುರು ಚುಕ್ಕೆ ಕಂಡರೆ ಜೋಡಣೆಯಾಯಿತೆಂದು ತಿಳಿಯಬೇಕು. ಬಳಿಕ ಸ್ಟೈಲ್ಸ್‌ನಲ್ಲಿ ತಿದ್ದಿದ್ದು ಕಡತಕ್ಕೇ ಇಳಿಯುವುದು. ವಿಎಸ್ ಕೋಡ್ ಎಡಿಟರಿನಲ್ಲಿ ಆ ಕಡತವನ್ನು ತೆರೆದಿಟ್ಟಿದ್ದರೆ ಅಲ್ಲಿಯೂ ಕಾಣುವುದು. ಎಲಿಮೆಂಟ್ಸ್‌ನಲ್ಲಿ ಬದಲಿಸಿದ ಎಚ್‌ಟಿಎಮ್‌ಎಲ್ ಮಾತ್ರ ಉಳಿಯದು. ಅದನ್ನು ಸೋರ್ಸಸ್‌ನಲ್ಲಿ ತಿದ್ದಿ ಉಳಿಸಬೇಕು.

ತಾಯ್ತಂದೆಗಳೇ, ತಪ್ಪನ್ನು ಕಂಡುಕೊಂಡರೆ ಸಾಲದು. ತಿದ್ದಿದ್ದು ಮೂಲದಲ್ಲಿ ನೆಲೆಸಬೇಕೆಂಬುದೇ ಈ ಪಾಠ.