ಟವರ್ ತುಂಬಿದ್ದರೂ 112 ಹೋಗದ ಫೋನು

ಪ್ರಶ್ನೆ: ನಮ್ಮ ಅಮ್ಮ ತೋಟದ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಅವರ ಬಳಿ ಇರುವುದು ಹತ್ತು ವರ್ಷಕ್ಕೂ ಹಳೆಯ ಬಟನ್ ಫೋನು. 2ಜಿ ನಿಂತುಹೋಗುತ್ತದೆ, ಆಮೇಲೆ ಅದರಿಂದ 112ಕ್ಕಾಗಲಿ 108ಕ್ಕಾಗಲಿ ಕರೆ ಹೋಗುವುದಿಲ್ಲ ಎಂದು ಮೊಬೈಲ್ ಅಂಗಡಿಯವರು ಹೇಳಿದರು. ನಿಜವೇ? ನನ್ನ ಹಳೆಯ 4ಜಿ ಫೋನನ್ನು ಅವರಿಗೆ ಕೊಟ್ಟರೆ ಸಾಕೇ?
— ಓದುಗರೊಬ್ಬರು, ಕಾಮಗೆರೆ

ಉತ್ತರ: ಅಮ್ಮನ ಕೈಯಿಂದ ಬಟನ್ ಫೋನನ್ನು ಈಗಲೇ ತೆಗೆದುಕೊಳ್ಳಬೇಡಿ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಇನ್ನೂ 2ಜಿ ನಡೆಸುತ್ತಿವೆ. 2ಜಿ, 3ಜಿ ಎರಡನ್ನೂ ಪೂರ್ತಿ ನಿಲ್ಲಿಸುವ ನೀತಿ ಬರಲಿ ಎಂದು 2024ರ ಆರಂಭದಲ್ಲಿ ಜಿಯೋ ಕೇಳಿದಾಗ, ಅದು ಆಯಾ ಕಂಪನಿಗಳ ತೀರ್ಮಾನಕ್ಕೆ ಬಿಟ್ಟದ್ದು ಎಂದು ಸರ್ಕಾರ ಹೇಳಿತು. ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮ ಎರಡನೆಯ ಪ್ರಶ್ನೆ. ಮಕ್ಕಳು ಬಳಸಿ ಬಿಟ್ಟ 4ಜಿ ಫೋನು ಅಪ್ಪ ಅಮ್ಮನ ಕೈ ಸೇರುವುದು ಎಲ್ಲ ಮನೆಗಳಲ್ಲೂ ಇದೆ. ತುರ್ತು ಕರೆಯ ಮಟ್ಟಿಗೆ ಬಟನ್ ಫೋನಿಗಿಂತ ಹೆಚ್ಚು ಅನುಮಾನಿಸಬೇಕಾದದ್ದು ಆ ಫೋನನ್ನೇ.

ಕಾರಣ ಹೀಗಿದೆ. 4ಜಿ ಜಾಲವನ್ನು ಕಟ್ಟಿದ್ದು ಡಾಟಾಕ್ಕಾಗಿ. ಹಳೆಯ ಜಾಲದಲ್ಲಿ ಮಾತಿಗೆ ಇದ್ದಂಥ ಪ್ರತ್ಯೇಕ ದಾರಿ ಅದರಲ್ಲಿಲ್ಲ. ಮಾತನ್ನೂ ಡಾಟಾದಂತೆಯೇ ಕಳಿಸುವ ವಿಧಾನಕ್ಕೆ ವೋಲ್ಟಿ ಎನ್ನುತ್ತಾರೆ. 2014ರಿಂದ 2017ರ ಸುಮಾರಿಗೆ ಮಾರಾಟವಾದ ಎಷ್ಟೋ 4ಜಿ ಫೋನುಗಳಲ್ಲಿ ವೋಲ್ಟಿ ಇರಲಿಲ್ಲ. ಇದ್ದರೂ ಕೆಲವು ಫೋನುಗಳಲ್ಲಿ ಅದು ಒಂದು ಕಂಪನಿಯ ಸಿಮ್ಮಿಗೆ ಮಾತ್ರ ನಡೆಯುತ್ತಿತ್ತು. ಇಂಥ ಫೋನು ವಾಟ್ಸಾಪ್ ತೋರಿಸುವುದು 4ಜಿಯಲ್ಲಿ, ಕರೆ ಬಂದ ಕೂಡಲೇ ಸದ್ದಿಲ್ಲದೆ 2ಜಿಗೋ 3ಜಿಗೋ ಇಳಿಯುತ್ತದೆ. ಕೆಳಗಿನ ಮೆಟ್ಟಿಲು ಇರುವವರೆಗೆ ಯಾರಿಗೂ ಇದು ಗೊತ್ತಾಗುವುದಿಲ್ಲ. ಮೆಟ್ಟಿಲು ತೆಗೆದ ದಿನ ಟವರಿನ ಗೆರೆಗಳು ತುಂಬಿರುತ್ತವೆ, ವಿಡಿಯೊ ಓಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಬಟನ್ ಫೋನಾದರೆ ‘ನೆಟ್‌ವರ್ಕ್ ಇಲ್ಲ’ ಎಂದು ನೇರವಾಗಿ ತೋರಿಸುತ್ತದೆ, ಅಮ್ಮ ಪಕ್ಕದ ತೋಟದವರನ್ನು ಕೂಗುತ್ತಾರೆ. ಹಳೆಯ 4ಜಿ ಫೋನು ಎಲ್ಲ ಸರಿಯಿದೆ ಎಂಬ ನಂಬಿಕೆಯಲ್ಲೇ ಇರಿಸುತ್ತದೆ.

ಮೆಟ್ಟಿಲು ತೆಗೆದ ಉದಾಹರಣೆ ನಮ್ಮಲ್ಲೂ ಇದೆ. ಏರ್‌ಟೆಲ್ 2019-20ರಲ್ಲೇ ತನ್ನ 3ಜಿ ನಿಲ್ಲಿಸಿತು. ಅದಕ್ಕೂ ಮೊದಲು, 2003ರಲ್ಲಿ 501 ರೂಪಾಯಿಗೆ ಊರೂರಿಗೂ ಬಂದ ರಿಲಯನ್ಸ್ ಸೆಟ್ಟುಗಳು ನಿಮಗೆ ನೆನಪಿರಬಹುದು. ಅವು ಸಿಡಿಎಂಎ ಎಂಬ ಬೇರೆ ಪದ್ಧತಿಯವು. ಆ ಪದ್ಧತಿಯ ಜಾಲಗಳು ಮುಚ್ಚಿದ ಮೇಲೆ, ಸುತ್ತಮುತ್ತ ಉಳಿದ ಕಂಪನಿಗಳ ಜಿಎಸ್‌ಎಂ ಪದ್ಧತಿಯ ಟವರುಗಳು ಎಷ್ಟಿದ್ದರೂ ಆ ಸೆಟ್ಟುಗಳಿಂದ ಒಂದು ಕರೆಯೂ ಹೋಗದಾಯಿತು.

ತುರ್ತು ಕರೆಯಲ್ಲಿ ಇನ್ನೂ ಒಂದು ತೊಡಕಿದೆ. ಇದನ್ನು ಬಹಳ ದುಬಾರಿಯಾಗಿ ಕಲಿತದ್ದು ಆಸ್ಟ್ರೇಲಿಯಾ. ಅಲ್ಲಿ ವೊಡಾಫೋನ್ 2024ರ ಆರಂಭದಲ್ಲಿ 3ಜಿ ಮುಚ್ಚಿತು. ಟೆಲ್‌ಸ್ಟ್ರಾ, ಆಪ್ಟಸ್ ಅದೇ ವರ್ಷ ಅಕ್ಟೋಬರ್ 28ರಿಂದ ಮುಚ್ಚತೊಡಗಿದವು. ಕೆಲವು ಫೋನುಗಳು ದಿನನಿತ್ಯದ ಕರೆಯನ್ನು 4ಜಿಯಲ್ಲೇ ಮಾಡುತ್ತಿದ್ದವು, ಅಲ್ಲಿನ ತುರ್ತು ಸಂಖ್ಯೆಯಾದ 000 ಒತ್ತಿದಾಗ ಮಾತ್ರ ಇಲ್ಲದ 3ಜಿಯನ್ನು ಹುಡುಕುತ್ತಿದ್ದವು. ಅಂಥ ಫೋನುಗಳನ್ನು ಜಾಲದಿಂದಲೇ ತೆಗೆಯಬೇಕೆಂದು ಸರ್ಕಾರ ನಿಯಮ ತಂದಿತು. ಆದರೂ 2025ರ ಅಕ್ಟೋಬರ್‌ನಲ್ಲಿ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್6, ಎಸ್7 ಮೊದಲಾದ ಹಳೆಯ ಮಾದರಿಗಳಿಂದ ವೊಡಾಫೋನ್ ಜಾಲವೊಂದೇ ಸಿಗುವ ಜಾಗದಲ್ಲಿ 000ಗೆ ಕರೆ ಹೋಗದು ಎಂದು ಹೊರಬಿತ್ತು. ಮರುತಿಂಗಳು ಸಿಡ್ನಿಯಲ್ಲಿ ಹಳೆಯ ತಂತ್ರಾಂಶವಿದ್ದ ಸ್ಯಾಮ್‌ಸಂಗ್ ಫೋನೊಂದರಿಂದ 000 ಕರೆ ಹೋಗಲಿಲ್ಲ, ಒಬ್ಬರು ತೀರಿಕೊಂಡರು. ದಿನಾ ಮಾತಾಡಲು ಸರಿಯಿರುವ ಫೋನು ಜೀವ ಉಳಿಸುವ ಕರೆಗೂ ಸರಿಯಿರುತ್ತದೆ ಎನ್ನಲಾಗದು.

ನಿಮ್ಮ ಕಡೆಗೆ ಬರುತ್ತೇನೆ. ಕೊಳ್ಳೇಗಾಲ–ಹನೂರು ರಸ್ತೆಯ ಮೇಲೆ ನಿಮಗೆ ಆಸ್ಪತ್ರೆ ಹತ್ತಿರ. ಆಚೆ ಮಾದಪ್ಪನ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತ, ಮೆಂದಾರೆಯಂಥ ಊರುಗಳಿಗೆ ಹಾಗಲ್ಲ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ಗುಡಿಯ ಪ್ರಸಾದದಲ್ಲಿ ವಿಷ ಬೆರೆತು 17 ಮಂದಿ ತೀರಿಕೊಂಡರಲ್ಲ, ಅಸ್ವಸ್ಥರಾದವರನ್ನು ಅಲ್ಲಿಂದ ಕಾಮಗೆರೆ, ಕೊಳ್ಳೇಗಾಲ, ಮೈಸೂರು ಎಂದು ಎಷ್ಟು ದೂರ ಸಾಗಿಸಬೇಕಾಯಿತು ಎಂಬುದನ್ನು ನೀವೇ ಕಂಡಿರುತ್ತೀರಿ. ಇಂಥ ಸೀಮೆಯಲ್ಲಿ ಮೊದಲ ಕರೆ ಹತ್ತು ನಿಮಿಷ ತಡವಾಗುವುದು ಸಣ್ಣ ಮಾತಲ್ಲ.

ಟವರ್ ಇಲ್ಲದ ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈ 27ರಂದು ಒಪ್ಪಿಗೆ ಕೊಟ್ಟಿತು: ದೇಶದಲ್ಲಿ 24,680 ಹಳ್ಳಿ, 26,316 ಕೋಟಿ ರೂಪಾಯಿ, ಕೆಲಸ ಬಿಎಸ್‌ಎನ್‌ಎಲ್‌ನದು. ಒಳ್ಳೆಯ ಕೆಲಸ, ಆಗಲೇಬೇಕಾದದ್ದು. ಆದರೆ 4ಜಿ ಮಾತ್ರ ಇರುವ ಟವರು 2ಜಿ ಫೋನಿಗೆ ಕೇಳಿಸುವುದೇ ಇಲ್ಲ. ಜಿಯೋ ಒಂದೇ ಸಿಗುವ ಊರಲ್ಲೂ ಅಷ್ಟೇ, ಅದು 2016ರಲ್ಲಿ ಶುರುವಾದಾಗಿನಿಂದ 2ಜಿ ಇಟ್ಟುಕೊಂಡಿಲ್ಲ. ಹಾಗಾಗಿ 2ಜಿ ಎಂದು ಮುಚ್ಚುತ್ತದೆ ಎಂಬುದಕ್ಕಿಂತ, ಅಮ್ಮನ ತೋಟದಲ್ಲಿ ಯಾರ ಟವರು ಸಿಗುತ್ತದೆ ಎಂಬುದನ್ನು ಮೊದಲು ನೋಡಿ. 4ಜಿ ಫೋನಿನಲ್ಲೂ ತರಂಗಾಂತರದ ಪ್ರಶ್ನೆ ಇದೆ. ಬಿಎಸ್‌ಎನ್‌ಎಲ್ 4ಜಿ ನಡೆಯುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. ದೂರಕ್ಕೆ, ಮರಗಿಡಗಳ ನಡುವೆ ಚೆನ್ನಾಗಿ ಮುಟ್ಟುವುದು 700. ಹಳೆಯ 4ಜಿ ಫೋನುಗಳಲ್ಲಿ ಬಹುಪಾಲಿಗೆ ಆ 700 ಸಿಗುವುದಿಲ್ಲ. ಫೋನಿನ ವಿವರಗಳಲ್ಲಿ ಆ 700ರ ಹೆಸರು ಬ್ಯಾಂಡ್ 28, ಅಂಗಡಿಯಲ್ಲಿ ‘ಬ್ಯಾಂಡ್ 28 ಇದೆಯಾ’ ಎಂದು ಕೇಳಿ.

ಇನ್ನು 112 ಮತ್ತು 108. ಎರಡೂ ಉಚಿತ, ಆದರೆ ಫೋನಿನ ಕಣ್ಣಿಗೆ ಎರಡೂ ಒಂದೇ ಅಲ್ಲ. 112 ತುರ್ತು ಸಂಖ್ಯೆ ಎಂದು ಮೊಬೈಲಿನ ಜಾಗತಿಕ ಮಾನದಂಡದಲ್ಲೇ ಇದೆ. ಅದನ್ನು ಒತ್ತಿದರೆ, ನಿಮ್ಮ ಕಂಪನಿಯ ಟವರ್ ಸಿಗದಿದ್ದರೂ ಫೋನು ತನಗೆ ಕೇಳಿಸುವ ಯಾವ ಕಂಪನಿಯ ಟವರಿನಿಂದಾದರೂ ಕರೆ ಮಾಡಲು ನೋಡುತ್ತದೆ. ಪರದೆಯಲ್ಲಿ ‘ತುರ್ತು ಕರೆ ಮಾತ್ರ’ ಎಂದು ಬರುವುದರ ಅರ್ಥವೇ ಇದು. ಕರೆನ್ಸಿ ಮುಗಿದು ಹೊರಹೋಗುವ ಕರೆ ನಿಂತಿದ್ದರೂ 112 ಹೋಗಬೇಕು ಎಂಬುದು ಸರ್ಕಾರದ ನಿಲುವು. 2008ರ ನವೆಂಬರ್ 1ರಿಂದ ನಮ್ಮ ರಾಜ್ಯದಲ್ಲಿರುವ 108ನ್ನು ಎಲ್ಲ ಹಳೆಯ ಫೋನುಗಳೂ ಹೀಗೆ ಗುರುತಿಸುತ್ತವೆ ಎನ್ನುವಂತಿಲ್ಲ. ಸ್ವಂತ ಕಂಪನಿಯ ಟವರ್ ಇಲ್ಲದಿದ್ದರೆ ಅದು ಸಾಮಾನ್ಯ ಕರೆಯಂತೆ ನಿಂತುಬಿಡಬಹುದು. ಆಂಬುಲೆನ್ಸಿಗೆ ಅಮ್ಮ 108 ಒತ್ತಲಿ, ಹೋಗದಿದ್ದರೆ ಕಾಯದೆ 112 ಒತ್ತಲಿ. 5 ಅಥವಾ 9 ಅನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವಂತೆ ಬಟನ್ ಫೋನುಗಳನ್ನು ಮಾಡಬೇಕೆಂಬ ನಿಯಮ ಬಂದದ್ದು 2017ರ ಜನವರಿ 1ರಿಂದ. ಅಮ್ಮನ ಫೋನು ಅದಕ್ಕಿಂತ ಹಿಂದಿನದು, ಆ ಬಟನ್‌ಗಳನ್ನು ನೆಚ್ಚಿಕೊಳ್ಳಬೇಡಿ.

ಆ ಫೋನಿನಲ್ಲಿ ಜಿಪಿಎಸ್ ಇಲ್ಲ. ಟವರಿನಿಂದ ತಿಳಿಯುವ ಜಾಗ ಹಳ್ಳಿಗಾಡಿನಲ್ಲಿ ಕಿಲೋಮೀಟರುಗಟ್ಟಲೆ ಅಗಲ. ಊರು, ತಾಲ್ಲೂಕು, ಜಿಲ್ಲೆ, ತೋಟಕ್ಕೆ ತಿರುಗುವ ದಾರಿಯ ಗುರುತು ಇಷ್ಟನ್ನು ಒಂದೇ ಉಸಿರಿಗೆ ಹೇಳುವುದನ್ನು ಅವರಿಗೆ ರೂಢಿ ಮಾಡಿಸಿ. ಬೆಟ್ಟದಾಚೆ ಪಾಲಾರ್, ಗೋಪಿನಾಥಂ ಕಡೆ ನೆಂಟರಿದ್ದರೆ ಅವರಿಗೂ ತಿಳಿಸಿ: ಗಡಿಯಲ್ಲಿ ಫೋನು ತಮಿಳುನಾಡಿನ ಟವರನ್ನು ಹಿಡಿದಿದ್ದರೆ 112 ಆ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗಬಹುದು. ‘ಕರ್ನಾಟಕ, ಚಾಮರಾಜನಗರ ಜಿಲ್ಲೆ’ ಎಂಬುದು ಮೊದಲ ಮಾತಾಗಿರಲಿ.

ನಿಮ್ಮ ಹಳೆಯ 4ಜಿ ಫೋನನ್ನು ಕೊಡುವ ಮುನ್ನ ತೋಟಕ್ಕೇ ಒಯ್ದು ಪರೀಕ್ಷಿಸಿ. ಅಮ್ಮನ ಸಿಮ್ ಹಾಕಿ, ತಂತ್ರಾಂಶದ ಅಪ್‌ಡೇಟ್ ಬಂದಿದ್ದರೆ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಆನ್ ಇದೆಯೇ ನೋಡಿ, ನಿಮ್ಮ ನಂಬರಿಗೆ ಕರೆ ಮಾಡಿ. ಮಾತಾಡುವಾಗ ಮೇಲಿನ 4ಜಿ ಗುರುತು ಮಾಯವಾಗಿ ಇ ಅಥವಾ ಎಚ್ ಬಂದರೆ ಆ ಫೋನು ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಿದೆ, ಅದನ್ನು ಕೊಡಬೇಡಿ. ಪರೀಕ್ಷೆಗೆಂದು ಮಾತ್ರ 112 ಒತ್ತಬೇಡಿ, ಆ ಹೊತ್ತಿಗೆ ಸಾಲಿನಲ್ಲಿ ನಿಜವಾದ ಕರೆಯೊಂದು ಇದ್ದೀತು.

ಕೊಳ್ಳುವುದಾದರೆ ವೋಲ್ಟಿ ಇರುವ 4ಜಿ ಬಟನ್ ಫೋನು ಕೊಳ್ಳಿ. ಗುಂಡಿಗಳು ಅಮ್ಮನಿಗೆ ರೂಢಿಯಾದವೇ ಆಗಿರುತ್ತವೆ. ಒಂದೇ ಕಂಪನಿಯ ಸಿಮ್ಮಿಗೆ ಕಟ್ಟುಬಿದ್ದ ಸೆಟ್ಟಾದರೆ ಆ ಕಂಪನಿಯ ಟವರು ತೋಟದಲ್ಲಿ ಸಿಗುವುದು ಖಚಿತವಾಗಲಿ. ಹಳೆಯ ಫೋನನ್ನು ಬಿಸಾಡಬೇಡಿ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋದರೂ ಚಾರ್ಜ್ ಉಳಿಯುವುದು ಅದರಲ್ಲೇ. 2ಜಿ ಇರುವವರೆಗೆ ಅದರಲ್ಲಿ ಬೇರೊಂದು ಕಂಪನಿಯ ಸಿಮ್ ಹಾಕಿ, ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯ ನಂಬರನ್ನೂ ಆಟೊ ಇರುವ ಪಕ್ಕದ ತೋಟದವರ ನಂಬರನ್ನೂ ಸೇರಿಸಿ ಕೊಡಿ.