ಟ್ಯೂಷನ್ ಹೇಳುವವರಿಗೆ ಹೊಣೆ ವಿಮೆ: ಎಂಟು ಸೂತ್ರಗಳು

ಶಾಲೆ ಬಿಟ್ಟ ಮೇಲೆ ಶಿವಮೊಗ್ಗ–ಭದ್ರಾವತಿ ನಡುವಿನ ಬಿ.ಎಚ್. ರಸ್ತೆಯ ಊರುಗಳಲ್ಲಿ ಎಷ್ಟೋ ಮನೆಗಳ ಪಡಸಾಲೆಯೇ ಪಾಠದ ಕೋಣೆಯಾಗುತ್ತದೆ. ಮಲವಗೊಪ್ಪವೂ ಇದಕ್ಕೆ ಹೊರತಲ್ಲ. ಮಗು ನಿಮ್ಮ ಹೊಸ್ತಿಲು ದಾಟಿ ಒಳಬಂದರೆ ಅದರ ಓದಿನ ಜೊತೆಗೆ ಅದರ ಮೈ-ಕೈ ಕ್ಷೇಮವೂ ನಿಮ್ಮ ಹೊಣೆ. ನಿಮ್ಮ ಅಜಾಗ್ರತೆಯಿಂದ ಮಗುವಿಗೆ ಪೆಟ್ಟಾದರೆ ಪರಿಹಾರ ಕೊಡಬೇಕಾದವರು ನೀವೇ. ಆ ಹೊರೆಯನ್ನು ಒಂದು ಮನೆಯ ಉಳಿತಾಯ ತಡೆಯಲಾರದು. ಪಬ್ಲಿಕ್ ಲಯಬಿಲಿಟಿ ಪಾಲಿಸಿ ಇರುವುದು ಇದಕ್ಕಾಗಿ.

1. ಸರಿಯಾದ ಪಾಲಿಸಿ ಕೇಳಿ.
1991ರ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆ ನಿಮಗೆ ಸಂಬಂಧಿಸಿದ್ದಲ್ಲ. 1984ರ ಭೋಪಾಲ್ ಅನಿಲ ದುರಂತದ ನಂತರ ಬಂದ ಆ ಕಾಯ್ದೆ ಅಪಾಯಕಾರಿ ವಸ್ತುಗಳನ್ನು ಬಳಸುವ, ದಾಸ್ತಾನು ಮಾಡುವ ಉದ್ದಿಮೆಗಳಿಗೆ. ನೀವು ಕೇಳಬೇಕಾದದ್ದು ‘ನಾನ್-ಇಂಡಸ್ಟ್ರಿಯಲ್ ರಿಸ್ಕ್’ ಪಬ್ಲಿಕ್ ಲಯಬಿಲಿಟಿ. ಇದು ಕಡ್ಡಾಯವಲ್ಲ, ಹಾಗಾಗಿ ಯಾರೂ ಬಂದು ನೆನಪಿಸುವುದಿಲ್ಲ. ಎಲ್‌ಐಸಿಯಲ್ಲಿ ಇದು ಸಿಗದು. ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳನ್ನೋ ಖಾಸಗಿ ಜನರಲ್ ಇನ್ಶೂರೆನ್ಸ್ ಕಂಪನಿಗಳನ್ನೋ ಕೇಳಬೇಕು. ಅಂಗಡಿ ಮಳಿಗೆಯಲ್ಲಿ ಪಾಠ ನಡೆಸುವವರು ಅಂಗಡಿದಾರರ ಪ್ಯಾಕೇಜ್ ಪಾಲಿಸಿಯನ್ನೂ ವಿಚಾರಿಸಿ. ಬೆಂಕಿ, ಕಳವಿನ ಜೊತೆ ಹೊಣೆಯ ಭಾಗವನ್ನೂ ಅದರಲ್ಲಿ ಸೇರಿಸಿಕೊಳ್ಳಬಹುದು.

2. ಮೊತ್ತವನ್ನು ನಿಮ್ಮ ಫೀಸಿನಿಂದ ಅಳೆಯಬೇಡಿ.
ತಿಂಗಳಿಗೆ ಕೆಲವೇ ಸಾವಿರ ದುಡಿಯುವ ತನಗೆ ಲಕ್ಷಗಳ ಮಾತೇಕೆ ಎನಿಸಬಹುದು. ಆದರೆ ಪರಿಹಾರ ನಿಗದಿಯಾಗುವುದು ಮಗುವಿಗಾದ ನಷ್ಟದ ಮೇಲೆ. 2006ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಾಲೆಯೊಂದು ಮಕ್ಕಳನ್ನು ಉತ್ತರ ಭಾರತಕ್ಕೆ ಪ್ರವಾಸ ಕರೆದೊಯ್ದಿತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಲ್ಲಿ ಮೆದುಳು ಜ್ವರಕ್ಕೆ ತುತ್ತಾದಳು, ಸಕಾಲಕ್ಕೆ ಚಿಕಿತ್ಸೆ ಸಿಗದೆ ಹಾಸಿಗೆ ಹಿಡಿದಳು. ರಾಜ್ಯ ಗ್ರಾಹಕ ಆಯೋಗ 88 ಲಕ್ಷ ರೂಪಾಯಿಗೂ ಹೆಚ್ಚಿನ ಪರಿಹಾರ ಕೊಡಿಸಿತು. ರಾಷ್ಟ್ರೀಯ ಆಯೋಗ ಅದನ್ನು 50 ಲಕ್ಷಕ್ಕೆ ಇಳಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಆಯೋಗದ ಮೊತ್ತವನ್ನೇ ಎತ್ತಿಹಿಡಿಯಿತು. ಘಟನೆಯಿಂದ ಕೊನೆಯ ತೀರ್ಪಿಗೆ ಹದಿನಾಲ್ಕು ವರ್ಷ. ಅಷ್ಟು ಕಾಲ ವಕೀಲರ ಖರ್ಚನ್ನೂ ಯಾರಾದರೂ ಹೊರಬೇಕಲ್ಲ! ಟ್ಯೂಷನ್‌ನವರಿಗೆ ಇದು ಇನ್ನೂ ಹತ್ತಿರದ ಮಾತು: 2020ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಶಿಕ್ಷಣ ಸಂಸ್ಥೆಗಳನ್ನು ಗ್ರಾಹಕ ಕಾನೂನಿನ ಹೊರಗಿಟ್ಟಾಗ ಕೋಚಿಂಗ್ ಸಂಸ್ಥೆಗಳಿಗೆ ಆ ವಿನಾಯಿತಿ ಕೊಡಲಿಲ್ಲ.

ಪಾಲಿಸಿಯಲ್ಲಿ ಎರಡು ಮಿತಿಗಳಿರುತ್ತವೆ: ಒಂದು ಅವಘಡಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. ಒಂದೇ ಅವಘಡದಲ್ಲಿ ನಾಲ್ಕಾರು ಮಕ್ಕಳಿಗೆ ಗಾಯವಾಗಬಹುದು. 2019ರ ಮೇ 24ರಂದು ಸೂರತ್‌ನಲ್ಲಿ ಕೋಚಿಂಗ್ ತರಗತಿಯಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 22 ವಿದ್ಯಾರ್ಥಿಗಳು ಸತ್ತರು. ಆದ್ದರಿಂದ ಮೊದಲ ಮಿತಿಯನ್ನು ದೊಡ್ಡದಾಗಿ ಇಡಿಸಿ. ಪ್ರೀಮಿಯಂ ಜೊತೆಗೆ 18% ಜಿಎಸ್‌ಟಿ ಇದೆ. ಪ್ರತಿ ಕ್ಲೇಮ್‌ನಲ್ಲೂ ಮೊದಲ ಒಂದು ಪಾಲು ನಿಮ್ಮ ಕೈಯಿಂದಲೇ ಹೋಗುತ್ತದೆ. ಅದೆಷ್ಟು ಎಂದು ಸಹಿಗೆ ಮೊದಲೇ ಕೇಳಿ.

3. ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ.
ಮಕ್ಕಳೆಷ್ಟು, ವಯಸ್ಸೆಷ್ಟು, ಬ್ಯಾಚ್ ಎಷ್ಟು, ಪಾಠ ನೆಲಮಹಡಿಯಲ್ಲೋ ಮೇಲ್ಮಹಡಿಯಲ್ಲೋ, ಹಿತ್ತಲಲ್ಲಿ ಬಾವಿ ಇದೆಯೋ, ತಾರಸಿಗೆ ಕೈಪಿಡಿ ಗೋಡೆ ಇದೆಯೋ ಎಲ್ಲವನ್ನೂ ತಿಳಿಸಿ. ಪ್ರೀಮಿಯಂ ಉಳಿಸಲು ಮೂವತ್ತು ಮಕ್ಕಳನ್ನು ಹತ್ತು ಎಂದು ಬರೆದರೆ ಕ್ಲೇಮ್ ತಿರಸ್ಕರಿಸಲು ನೀವೇ ಕಾರಣ ಕೊಟ್ಟಂತೆ. ಏಜೆಂಟರೇ ಅರ್ಜಿ ತುಂಬಿದರೂ ಸಹಿ ನಿಮ್ಮದು. ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ಬಾಡಿಗೆ ಮನೆ ಅಥವಾ ಕಂಪನಿ ಕ್ವಾರ್ಟರ್ಸ್ ಆದರೆ ಪಾಠಕ್ಕೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

4. ರಸ್ತೆಯ ಲೆಕ್ಕ ಬೇರೆ.
ಈ ಪಾಲಿಸಿ ಅದರಲ್ಲಿ ಬರೆದ ಜಾಗಕ್ಕೆ ಸೀಮಿತ. ಹೆದ್ದಾರಿ ದಾಟುವಾಗ ನಡೆಯುವ ಅಪಘಾತಕ್ಕೆ ಇದನ್ನು ನೆಚ್ಚಬೇಡಿ. ನಿಮ್ಮ ಸ್ವಂತ ಕಾರಿನಲ್ಲಿ ದುಡ್ಡು ಪಡೆದು ಮಕ್ಕಳನ್ನು ಕರೆತರುತ್ತಿದ್ದರೆ ಕಾರಿನ ವಿಮೆಯೂ ಕೈಕೊಡಬಹುದು, ಏಕೆಂದರೆ ಬಿಳಿ ಬೋರ್ಡಿನ ಗಾಡಿಗೆ ಬಾಡಿಗೆ ಓಡಿಸಲು ಅನುಮತಿಯಿಲ್ಲ. ಅದನ್ನು ಇಂದೇ ನಿಲ್ಲಿಸಿ.

5. ಏನು ಸಿಗದು ಎಂಬುದನ್ನು ಮೊದಲು ಓದಿ.
ಅಂಕ ಬರಲಿಲ್ಲ ಎಂಬ ತಕರಾರು ಇದರಲ್ಲಿ ಬರುವುದಿಲ್ಲ, ಅದಕ್ಕೆ ವೃತ್ತಿ ಹೊಣೆಯ ಬೇರೆ ಪಾಲಿಸಿ ಇದೆ. ಹೊಡೆತ, ಕಿರುಕುಳ ಮುಂತಾದ ಉದ್ದೇಶಪೂರ್ವಕ ಕೃತ್ಯಗಳಿಗೆ ಯಾವ ಪಾಲಿಸಿಯೂ ಇಲ್ಲ, ಇರಲೂಬಾರದು. ಸಂಬಳ ಕೊಟ್ಟು ಇಟ್ಟುಕೊಂಡ ಸಹಾಯಕರ ಗಾಯವೂ ಇದಕ್ಕೆ ಸೇರದು.

6. ಮಕ್ಕಳ ಅಪಘಾತ ವಿಮೆಯನ್ನೂ ಜೊತೆಗೆ ಮಾಡಿಸಿ.
ಎಲ್ಲಕ್ಕಿಂತ ಹೆಚ್ಚು ಜನ ತಪ್ಪಾಗಿ ತಿಳಿಯುವುದು ಈ ಎರಡು ವಿಮೆಗಳ ವ್ಯತ್ಯಾಸವನ್ನೇ. ಹೊಣೆ ವಿಮೆ ಹಣ ಕೊಡುವುದು ಕಾನೂನಿನ ಪ್ರಕಾರ ನೀವು ಹೊಣೆ ಎಂದಾದಾಗ ಮಾತ್ರ. ಮಳೆಗಾಲದಲ್ಲಿ ಪಾಚಿಗಟ್ಟಿದ ನಿಮ್ಮ ಮೆಟ್ಟಿಲ ಮೇಲೆ ಹುಡುಗ ಜಾರಿಬಿದ್ದರೆ ಅದು ನಿಮ್ಮ ಅಜಾಗ್ರತೆ ಎನ್ನಬಹುದು. ತನ್ನ ಚಪ್ಪಲಿಗೇ ಎಡವಿ ಕೈ ಮುರಿದುಕೊಂಡರೆ? ಆಗ ಹೊಣೆ ವಿಮೆಯಿಂದ ಏನೂ ಬರದಿರಬಹುದು. ಆದರೆ ಆಸ್ಪತ್ರೆಯ ಬಿಲ್ಲು ಅಂದೇ ಕಟ್ಟಬೇಕು, ಅಪ್ಪ-ಅಮ್ಮ ನಿಮ್ಮ ಮುಖ ನೋಡುತ್ತಾ ನಿಂತಿರುತ್ತಾರೆ. ವಿದ್ಯಾರ್ಥಿಗಳ ಗುಂಪು ಅಪಘಾತ ವಿಮೆಯಲ್ಲಿ ತಪ್ಪು ಯಾರದೆಂಬ ಪ್ರಶ್ನೆ ಏಳುವುದಿಲ್ಲ. ಆಸ್ಪತ್ರೆ ಖರ್ಚಿನ ಭಾಗವನ್ನು ಅದಕ್ಕೆ ಸೇರಿಸಿಕೊಳ್ಳಿ, ಪ್ರೀಮಿಯಂ ಅನ್ನು ವರ್ಷದ ಫೀಸಿನಲ್ಲೇ ಹೊಂದಿಸಿ, ಪೋಷಕರಿಗೆ ಹೇಳಿಯೇ ಮಾಡಿ. ಎರಡರಲ್ಲಿ ಒಂದನ್ನೇ ಕೊಳ್ಳಲು ಶಕ್ತಿಯಿದ್ದರೂ ಹೊಣೆ ವಿಮೆಯನ್ನು ಬಿಡಬೇಡಿ ಎಂಬುದು ನನ್ನ ಸಲಹೆ. ಮನೆ-ಮಠ ಮಾರಿಸುವಷ್ಟು ದೊಡ್ಡ ಪೆಟ್ಟು ಬರುವುದು ಪರಿಹಾರದ ಹೊಣೆಯಿಂದಲೇ.

7. ಅವಘಡದ ದಿನ ಮಗು ಮೊದಲು, ಕಾಗದ ಆಮೇಲೆ.
ಮಗುವನ್ನು ಆಸ್ಪತ್ರೆಗೆ ಸೇರಿಸಿ, ಪೋಷಕರನ್ನು ಕರೆಸಿ, ಕೈಲಾದಷ್ಟು ಖರ್ಚು ಮಾಡಿ. ಅದು ಮನುಷ್ಯತ್ವ, ಅದನ್ನು ಯಾವ ಕಂಪನಿಯೂ ತಡೆಯಲಾಗದು. ಆದರೆ ‘ತಪ್ಪು ನನ್ನದೇ, ಇಷ್ಟು ಲಕ್ಷ ಕೊಡುತ್ತೇನೆ’ ಎಂದು ಯಾರ ಒತ್ತಾಯಕ್ಕೂ ಬರೆದುಕೊಡಬೇಡಿ. ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿದರೆ, ಊರಿನ ಹಿರಿಯರನ್ನು ಕೂರಿಸಿ ರಾಜಿ ಮಾಡಿಕೊಂಡರೆ ಕ್ಲೇಮ್ ಕೈತಪ್ಪಬಹುದು. ಜಾಗದ ಫೋಟೊ, ಅಂದಿನ ಹಾಜರಿ ಪುಸ್ತಕ, ಬಿಲ್ಲುಗಳನ್ನು ಜೋಪಾನವಾಗಿಡಿ. ಕಂಪನಿಗೆ ಕೂಡಲೇ ಬರಹದಲ್ಲಿ ತಿಳಿಸಿ. ವಕೀಲರ ನೋಟಿಸ್ ಬಂದ ಮೇಲೆ ನೋಡೋಣ ಎಂದು ಕಾಯಬೇಡಿ.

8. ಒಂದು ವರ್ಷವೂ ನವೀಕರಣ ತಪ್ಪಿಸಬೇಡಿ.
ನಮ್ಮಲ್ಲಿ ಈ ಪಾಲಿಸಿ ಸಾಮಾನ್ಯವಾಗಿ ಪರಿಹಾರದ ಕೋರಿಕೆ ಬಂದ ವರ್ಷದಲ್ಲಿ ಜಾರಿಯಲ್ಲಿರಬೇಕು. ಅವಘಡವೂ ಪಾಲಿಸಿಯಲ್ಲಿ ನಮೂದಾದ ‘ರೆಟ್ರೊಆಕ್ಟಿವ್’ ದಿನಾಂಕದ ನಂತರ ನಡೆದಿರಬೇಕು. ಕೊಂಡಿ ತಪ್ಪಿದರೆ ಆ ಹಳೆಯ ದಿನಾಂಕ ಹೋಗುತ್ತದೆ. ಮಕ್ಕಳ ವಿಷಯದಲ್ಲಿ ಇದು ಬಲು ಮುಖ್ಯ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅಪ್ರಾಪ್ತರು 18 ತುಂಬಿದ ಮೇಲೂ, ಗರಿಷ್ಠ ಮೂರು ವರ್ಷದೊಳಗೆ, ಸಿವಿಲ್ ದಾವೆ ಹೂಡಬಹುದು. ಇಂದು ಐದನೇ ತರಗತಿಯಲ್ಲಿ ಪೆಟ್ಟು ತಿಂದವನ ನೋಟಿಸ್ ಹತ್ತು ವರ್ಷದ ನಂತರವೂ ಬರಬಹುದು. ಪಾಲಿಸಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಡಿ, ಹಳೆಯವನ್ನು ಎಸೆಯಬೇಡಿ. ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಒಬ್ಬರೇ ನಡೆಸುವ ಸ್ವಂತ ಉದ್ಯೋಗದ ಪಾಲಿಸಿಗಳ ದೂರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ಅರ್ಜಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.